ಇಲ್ಲದ ಗುಡಿಯ ಅಕ್ಕೋರು

ಅವರ ಹೆಸರು ಬರೆಯಬಾರದು ಎಂಬುದು ಅವರದೇ ಅಪ್ಪಣೆ. "ನನ್ನ ಹೆಸರೂ ಬ್ಯಾಡ, ಊರ ಹೆಸರೂ ಬ್ಯಾಡ. ಗುಡಿ ಬಗ್ಗೆ ಎಷ್ಟು ಬೇಕಾದ್ರೂ ಬರಿ" ಎಂದು ಫೋನಿನಲ್ಲಿ ಹೇಳಿದರು. ಹದಿನಾರು ವರ್ಷ ಎದುರು ಮನೆಯಲ್ಲಿದ್ದವರ ಮಾತು ಮೀರುವ ಧೈರ್ಯ ನನಗಿಲ್ಲ. ಹಾಗಾಗಿ ಕುವೈತಿನ ಫರ್ವಾನಿಯಾದಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ನಾನೂ ಅವರನ್ನು ಅಕ್ಕೋರು ಎಂದೇ ಕರೆಯುತ್ತೇನೆ. ಉತ್ತರ ಕರ್ನಾಟಕದ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಹಾಗೆ ಹೇಳುತ್ತಾರಂತೆ. ಮೂಡುಬಿದಿರೆ ಕಡೆಯ ತುಳುವಳಾದ ನನಗೆ ಅದು ಗೊತ್ತಿರಲಿಲ್ಲ. ಮೊದಲ ಒಂದು ತಿಂಗಳು ಅದೇ ಅವರ ಹೆಸರು ಎಂದುಕೊಂಡು, ಅವರ ಗಂಡನ ಹತ್ತಿರ "ಅಕ್ಕೋರು ಅಂದರೆ ಯಾವ ದೇವಿ ಹೆಸರು?" ಎಂದು ಕೇಳಿ ನಗೆಪಾಟಲಾಗಿದ್ದೆ.

ನಾನು ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಕೆಲಸದವಳು. ವಾರವಿಡೀ ಊರವರ ರಕ್ತ ಹೀರಿ, ಶುಕ್ರವಾರ ಒಂದು ದಿನವಾದರೂ ಹೊತ್ತೇರುವ ತನಕ ಮಲಗೋಣ ಎಂದರೆ ಎದುರು ಮನೆಯಿಂದ ಪಟಪಟ ಸದ್ದು ಶುರುವಾಗುತ್ತಿತ್ತು. ಅಕ್ಕೋರು ಜೋಳದ ರೊಟ್ಟಿ ಬಡಿಯುತ್ತಿದ್ದರು. ನಾನಾದರೋ ಕಿವಿಗೆ ದಿಂಬು ಒತ್ತಿಕೊಂಡು ಸುಮ್ಮನಾಗುತ್ತಿದ್ದೆ. ಕೆಳಗಿನ ಮನೆಯ ಈಜಿಪ್ಟಿನವರು ಸುಮ್ಮನಾಗಲಿಲ್ಲ, ಕಟ್ಟಡ ಕಾಯುವ ಹಾರಿಸ್‌ನನ್ನು ಮೇಲಕ್ಕೆ ಅಟ್ಟಿದರು. ಅವನು ಬಾಗಿಲಲ್ಲಿ ನಿಂತು ಕೈಬಾಯಿ ತಿರುಗಿಸಿ ಏನೇನೋ ಹೇಳಿದ. ಅಕ್ಕೋರು ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಎಣ್ಣೆ ಹಾಕಿ ಅವನ ಕೈಗಿಟ್ಟರು. ಮುಂದಿನ ಶುಕ್ರವಾರ ಅವನು ದೂರು ತರಲಿಲ್ಲ, ಖಾಲಿ ತಟ್ಟೆ ತಂದ. ಕೆಲವು ವಾರಗಳಲ್ಲಿ ದೂರು ಕೊಟ್ಟವರ ಮನೆಗೂ ರೊಟ್ಟಿ ಇಳಿಯತೊಡಗಿತು. ಬಡಿಯುವುದು ಮಾತ್ರ ಒಂದು ವಾರವೂ ನಿಲ್ಲಲಿಲ್ಲ. ಜಗಳವಾಡದೆ ಹಿಡಿದ ಹಟ ಸಾಧಿಸುವುದು ಹೇಗೆಂದು ನಾನು ಕಲಿತದ್ದು ಅಲ್ಲಿಯೇ, ಕಲಿತೂ ಉಪಯೋಗವಾಗಲಿಲ್ಲ ಎಂಬುದು ಬೇರೆ ಮಾತು.

ನೋಡಲು ಸಣ್ಣ ಆಳು. ಇಳಕಲ್ ಸೀರೆ, ಕಾಲಿಗೆ ದಪ್ಪ ಅಟ್ಟೆಯ ಬಿಳಿ ಶೂ. ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಪರ್ಸಿನಲ್ಲಿ ಲಿಪ್‌ಸ್ಟಿಕ್ ಇರಬೇಕಾದ ಜಾಗದಲ್ಲಿ ಸೀಮೆಸುಣ್ಣ. ಅವರೊಂದಿಗೆ ಪೇಟೆಗೆ ಹೋಗುವುದು ದೊಡ್ಡ ಶಿಕ್ಷೆ. ಹಳೆಯ ಗೋಡೆ ಕಂಡರೆ ಬೆರಳ ಗಂಟಿನಿಂದ ತಟ್ಟುತ್ತಿದ್ದರು, ಕಲ್ಲಿನ ಬೆಂಚು ಕಂಡರೆ ಕೂರುವ ಮೊದಲು ಬಗ್ಗಿ ಅಡಿ ನೋಡುತ್ತಿದ್ದರು. ಮುಬಾರಕಿಯಾದ ಹಳೆಯ ಪೇಟೆ ಸೂಕ್‌ನಲ್ಲಿ ಒಮ್ಮೆ ಹೀಗೆ ಬಗ್ಗಿದವರನ್ನು ಕಂಡು ಇಬ್ಬರು ಪೊಲೀಸರು ಹತ್ತಿರ ಬಂದಾಗ ನಾನು ನಾಲ್ಕು ಹೆಜ್ಜೆ ದೂರ ಸರಿದು ಖರ್ಜೂರದ ಬೆಲೆ ಕೇಳುತ್ತ ನಿಂತೆ.

ಈ ಕಲ್ಲಿನ ಹುಚ್ಚು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅದು ಹಿಡಿದ ದಿನ ನಾನು ಜೊತೆಗೇ ಇದ್ದೆ.

ಅಕ್ಕೋರ ಊರಿನ ಕೆರೆ ದಂಡೆಯಲ್ಲಿ ಒಂದು ದಿಬ್ಬವಿದೆ. ಗುಡಿ ದಿಬ್ಬ ಎಂದು ಹೆಸರು, ಗುಡಿ ಮಾತ್ರ ಇಲ್ಲ. ಊರಿನ ಯಾವ ಜಾತಿಯ ಮದುವೆಯಾದರೂ ಮೆರವಣಿಗೆ ಅಲ್ಲಿ ನಿಲ್ಲಬೇಕು, ಬಾಜಾ ಬಂದಾಗಬೇಕು, ಮದುಮಕ್ಕಳು ಆ ಬಯಲಿಗೆ ಎಲೆ ಅಡಿಕೆ ಇಟ್ಟು ಕೈಮುಗಿಯಬೇಕು. ಯಾವ ದೇವರಿಗೆ ಎಂದರೆ ಯಾರಿಗೂ ಗೊತ್ತಿಲ್ಲ. ಗುಡಿ ಏನಾಯಿತು ಎಂಬುದು ಮಾತ್ರ ಎಲ್ಲರಿಗೂ ಗೊತ್ತು: ಹಿಂದೆ ಯಾವನೋ ಸುಲ್ತಾನನ ದಂಡು ಬಂತು, ಒಡೆದು ಹಾಕಿ ಹೋಯಿತು.

ಒಂದು ಚಳಿಗಾಲದ ಪಿಕ್‌ನಿಕ್ಕಿನಲ್ಲಿ, ಪಾರ್ಕಿನ ಹುಲ್ಲಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಅಕ್ಕೋರು ಈ ಕಥೆ ಹೇಳಿದರು. ಚೆನ್ನಾಗಿಯೇ ಹೇಳಿದರು. ಕುದುರೆ ಓಡಿತು, ಧೂಳು ಎದ್ದಿತು, ಕಲ್ಲು ಉರುಳಿತು. ಮಕ್ಕಳು ಬಾಯಿ ತೆರೆದು ಕೇಳಿದರು. ಊಟ ಮುಗಿದು ಚಾಪೆ ಸುತ್ತುವಾಗ ಮಾಬೂಸಾಬ ಹತ್ತಿರ ಬಂದ. ಅವನು ಅಕ್ಕೋರ ಊರಿನವನೇ, ಅವರಿಗಿಂತ ಕೆಲವು ವರ್ಷ ಚಿಕ್ಕವನು, ಫಹಾಹೀಲ್ ಕಡೆ ಕ್ರೇನ್ ಓಡಿಸುತ್ತಾನೆ.

"ಅಕ್ಕಾರ, ಒಂದು ಮಾತು ಕೇಳಲೇನ್ರಿ? ಒಡದದ್ದನ್ನ ಯಾರು ನೋಡ್ಯಾರ್ರಿ?"

ಅಕ್ಕೋರು ಚಾಪೆ ಹಿಡಿದುಕೊಂಡೇ ನಿಂತರು.

"ಸಾಲ್ಯಾಗ ನಮ್ಮ ಓಣಿ ಹುಡುಗುರಿಗೆ ಇವತ್ತಿಗೂ ಅಂತಾರ್ರಿ, ನಿಮ್ಮವರು ಗುಡಿ ಒಡದವರು ಅಂತ. ನಮ್ಮವ್ವ ಆ ದಿಬ್ಬದ ಕಡೆ ಹಾಯೋದ ಬಿಟ್ಟಾಳ. ತಪ್ಪು ತಿಳೀಬ್ಯಾಡ್ರಿ, ನೀವು ಹಿಸ್ಟರಿ ಕಲಸೂವರು, ಅದಕ್ಕ ಕೇಳಿದೆ" ಎಂದು ಚಾಪೆ ಇಸಿದುಕೊಂಡು ಕಾರಿನ ಡಿಕ್ಕಿಗೆ ಹಾಕಿದ.

ಮನೆಗೆ ಬಂದು ಲಿಫ್ಟಿನಿಂದ ಇಳಿದ ಮೇಲೆ, ಅಕ್ಕೋರು ಬೀಗದ ಕೈ ಹಿಡಿದು ಬಾಗಿಲ ಮುಂದೆ ನಿಂತು ಹೇಳಿದರು: "ಆಧಾರ ಕೊಡ್ರಿ, ಆಧಾರ ಕೊಡ್ರಿ ಅಂತ ಮಕ್ಕಳ ಮುಂದ ಇಡೀ ಜಲ್ಮ ಬಡಕೊಂಡೀನಿ. ನಮ್ಮೂರ ಮಾತು ಬಂದಾಗ ನಾನ ಕೇಳಲಿಲ್ಲ. ನಾಚಿಕಿ ಬರತೈತಿ ತಂಗಿ ನನಗ. ಇದರ ಬುಡ ನೋಡದ ಬಿಡಂಗಿಲ್ಲ."

ನಾನು ಸಮಾಧಾನಕ್ಕೆಂದು ತಮಾಷೆ ಮಾಡಿದೆ. "ನಮ್ಮೂರಲ್ಲಿ ಹೋದಲ್ಲೆಲ್ಲ ಬಸದಿ ಉಂಟು ಅಕ್ಕೋರೇ. ಬೇಕಾದರೆ ಒಂದು ತಗೊಂಡು ಹೋಗಿ. ಇಲ್ಲದ ಗುಡಿಗೆ ಎಂತ ಇಷ್ಟು ತಲೆಬಿಸಿ?"

"ನನಗ ನಮ್ಮೂರ್ದ ಬೇಕು" ಎಂದು ಬಾಗಿಲು ಹಾಕಿಕೊಂಡರು.

ಮೊದಲು ಅವರು ಮಾಡಿದ್ದು ಊರಿನ ಒಬ್ಬನನ್ನು ದಿಬ್ಬಕ್ಕೆ ಕಳಿಸಿ ವಿಡಿಯೊ ಕಾಲ್‌ನಲ್ಲಿ ನೆಲ ತೋರಿಸಲು ಹೇಳಿದ್ದು. ಹೆಜ್ಜೆ ಹೆಜ್ಜೆಗೂ ತೋರಿಸಿದ. ಮಣ್ಣು, ಮುಳ್ಳು, ಆಡಿನ ಹಿಕ್ಕೆ. "ಒಡದಿದ್ರ ಚೂರು ಇರಬೇಕಲ್ಲ?" ಎಂದರು ಅಕ್ಕೋರು. "ಮೂಗು ಮುರದ ಮೂರ್ತಿ, ತುಂಡು ಕಲ್ಲು, ಏನರ ಒಂದು. ಇಲ್ಲಿ ಮುಷ್ಟಿ ಗಾತ್ರದ್ದೂ ಇಲ್ಲ. ಯಾರೋ ಇಡಿ ಇಡಿಯಾಗಿ ಬಿಚ್ಚಿಕೊಂಡು ಹೋಗ್ಯಾರ. ಕಲ್ಲು ತಾನಾಗಿ ನಡದು ಹೋಗಂಗಿಲ್ಲ."

ಎಲ್ಲಿಗೆ ಹೋದವು ಎಂದು ಹುಡುಕುವುದಕ್ಕೆ ಅವರು ಹಿಡಿದ ದಾರಿ ನನಗೆ ಇಂದಿಗೂ ಸೋಜಿಗ. ಶುಕ್ರವಾರ ಇಲ್ಲಿ ನಮಗೆ ರಜೆ. ಅಲ್ಲಿ ಅದು ಹೆಂಗಸರು ಹೊಸ್ತಿಲು, ಕಟ್ಟೆ, ಅಂಗಳ ಎಲ್ಲ ತೊಳೆಯುವ ದಿನ. ಕಲ್ಲು ಒದ್ದೆಯಾದಾಗ ಸವೆದುಹೋದ ಕೆತ್ತನೆ ಎದ್ದು ಕಾಣುತ್ತದೆ. ಅಕ್ಕೋರು ರೊಟ್ಟಿ ಬೇಗ ಮುಗಿಸಿ ಫೋನ್ ಹಿಡಿದು ಕೂರುತ್ತಿದ್ದರು. ಕುವೈತಿನಲ್ಲಿರುವ ಆ ಊರಿನ ಹುಡುಗರಿಗೆಲ್ಲ ಕಟ್ಟಪ್ಪಣೆ: ಮನೆಗೆ ಫೋನ್ ಮಾಡಿದಾಗ ಅವ್ವನಿಗೆ ಹೇಳಿ ಕಲ್ಲು ತೋರಿಸಬೇಕು. ಮಕ್ಕಳ ಮುಖ ನೋಡಲು ಕಾದ ತಾಯಂದಿರು ಒಗೆಯುವ ಕಲ್ಲು ತೋರಿಸಬೇಕಾಯಿತು.

"ಯವ್ವಾ, ಕುವೈತದಾಗ ಕುಂತು ನಮ್ಮ ಒಗ್ಯೂ ಕಲ್ಲು ನೋಡಾಕತ್ತೀಯಲ್ಲ, ನಿನಗ ಬ್ಯಾರೆ ಕೆಲಸ ಇಲ್ಲೇನ?" ಎಂದಳು ಒಬ್ಬ ಮುದುಕಿ.

"ಇಲ್ಲವ್ವಾ, ಇವತ್ತ ರಜಾ. ಸ್ವಲ್ಪ ಬೋರಲ ಹಾಕಸು."

ಇಬ್ಬರು ಗಂಡಸರು ಗೊಣಗುತ್ತ ಆ ಕಲ್ಲನ್ನು ಮಗುಚಿದರು. ಅಡಿಯಲ್ಲಿ ಅರಳಿದ ತಾವರೆ. ಗುಡಿಯ ಮಾಡಿನ ನಡುಗಲ್ಲು ಅದು. ತಲೆಮಾರುಗಳಿಂದ ಅದರ ಬೆನ್ನ ಮೇಲೆ ಬಟ್ಟೆ ಒಗೆದಿದ್ದಾರೆ. ಮುದುಕಿ "ಅಯ್ಯ ನನ್ನ ಶಿವನ" ಎಂದು ಕುಳಿತುಬಿಟ್ಟಳು. ನಾನು ಈಚೆಯಿಂದ ಕೂಗಿ ಚಪ್ಪಾಳೆ ಹೊಡೆದೆ. ಬೇವಿನ ಮರದ ಕೆಳಗೆ ಎಲ್ಲರೂ ಕೂತು ಹರಟುವ ಕಲ್ಲು ಬಾಗಿಲವಾಡದ ಒಂದು ಮಗ್ಗುಲಾಗಿತ್ತು. ಇನ್ನೊಬ್ಬರ ಹಿತ್ತಲಲ್ಲಿ ಎಮ್ಮೆ ನೀರು ಕುಡಿಯುವ ಬಾನಿ ದೇವರನ್ನು ಕೂರಿಸುವ ಪೀಠವಾಗಿತ್ತು. ಒಂದೊಂದು ಕಲ್ಲು ಸಿಕ್ಕಿದಾಗಲೂ ಅಕ್ಕೋರು ತಮ್ಮ ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಗುಡಿಯ ನಕ್ಷೆಯಲ್ಲಿ ಅದನ್ನು ಸೇರಿಸುತ್ತಿದ್ದರು. ಗರ್ಭಗುಡಿ ಸೋಫಾದ ಹತ್ತಿರ, ಮಂಟಪ ಟೀವಿಯ ಮುಂದೆ. ಅವರ ಗಂಡ, ಪಾಪ, ಎಂಜಿನಿಯರ್ ಮನುಷ್ಯ, ತಮ್ಮ ಮನೆಯಲ್ಲೇ ಗೆರೆ ತುಳಿಯದಂತೆ ಕುಂಟುತ್ತ ಓಡಾಡಿದರು.

ಫೋಟೋಗಳನ್ನು ನೋಡಿದ ಧಾರವಾಡದ ನಿವೃತ್ತ ಪ್ರೊಫೆಸರ್ ಒಬ್ಬರು ಎಂಟು ಒಂಬತ್ತು ನೂರು ವರ್ಷ ಹಿಂದಿನ ಕೆಲಸ ಎಂದರು. ಯಾವ ದೇವರದು ಎಂದು ನಾನು ಕೇಳಿದರೆ ಅಕ್ಕೋರು "ಗೊತ್ತಿಲ್ಲ" ಎನ್ನುತ್ತಿದ್ದರು. "ಈಶ್ವರ ಇರಬಹುದಲ್ಲ?" ಎಂದರೆ "ಇರಬಹುದು. ಗೊತ್ತಿಲ್ಲ" ಎಂದೇ. ಆ ಪಿಕ್‌ನಿಕ್ಕಿನ ನಂತರ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಅವರಿಗೊಂದು ವ್ರತವಾಗಿತ್ತು.

ನಕ್ಷೆ ತುಂಬುತ್ತ ಬಂತು. ಮಂಟಪದ ನಡುವಿನ ನಾಲ್ಕು ಕಂಬ ಮಾತ್ರ ಸಿಗಲಿಲ್ಲ. ಊರಿನ ಎಲ್ಲ ಮನೆ, ಹಿತ್ತಲು, ಬಾವಿಕಟ್ಟೆ ನೋಡಿ ಮುಗಿಯಿತು. ಕಂಬವೆಂದರೆ ಬಚ್ಚಿಡುವ ವಸ್ತುವಲ್ಲ. ಅಕ್ಕೋರಿಗೆ ರೊಟ್ಟಿ ಬಡಿಯುವಾಗಲೂ ಅದೇ ಚಿಂತೆ.

ಅದನ್ನು ಕಂಡವಳು ನಾನು. ಜಾಣತನದಿಂದಲ್ಲ, ಬಾಯಿ ಚಪಲದಿಂದ. ಅವರ ಗೋಡೆಯಲ್ಲಿ ತವರುಮನೆಯ ಒಂದು ದೊಡ್ಡ ಫೋಟೋ ಇತ್ತು. ತಮ್ಮನ ಮಗಳ ಮದುವೆಯದು. ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದಾರೆ, ಹಿಂದೆ ಹಸಿರು ಎಣ್ಣೆ ಬಣ್ಣ ಬಳಿದ ದಪ್ಪ ಕಂಬಗಳು, ಅವಕ್ಕೆ ಪ್ಲಾಸ್ಟಿಕ್ ಹೂವಿನ ಹಾರ. ಚಹಾ ಕುಡಿಯುತ್ತ ಅದನ್ನೇ ನೋಡುತ್ತಿದ್ದವಳು, "ಎಂತ ಅಕ್ಕೋರೇ, ನಿಮ್ಮ ಮನೆಯ ಕಂಬ ನಮ್ಮೂರ ಬಸದಿಯ ಕಂಬದ ಹಾಗೇ ಉಂಟಲ್ಲ, ಕೆಳಗೆ ಚೌಕ, ಮೇಲೆ ಗಂಟೆಯ ಹಾಗೆ ಉರುಟು!" ಎಂದುಬಿಟ್ಟೆ.

ಅವರು ಎದ್ದು ಹೋಗಿ ಫೋಟೋದ ಮುಂದೆ ನಿಂತರು. ಬಹಳ ಹೊತ್ತು ನಿಂತರು. ಅವರದು ಊರ ಗೌಡರ ಮನೆ. ಮುತ್ತಜ್ಜ ಎಲ್ಲಿಂದಲೋ ಕುಶಲಿಗರನ್ನು ಕರೆಸಿ ಆ ಕಂಬಗಳನ್ನು ಮಾಡಿಸಿದ ಎಂಬುದು ಮನೆಯ ಹೆಮ್ಮೆ. ಪ್ರತಿ ವರ್ಷ ನಾಗರ ಪಂಚಮಿಗೆ ಮುಂಚೆ ಅವಕ್ಕೆ ಬಣ್ಣ. ಮೊದಲು ಸುಣ್ಣ, ಆಮೇಲೆ ಎಣ್ಣೆ ಬಣ್ಣ, ಪದರದ ಮೇಲೆ ಪದರ. ಕಲ್ಲಿನ ಅಂಚು, ಬಳೆ, ಮಣಿ ಎಲ್ಲ ಅದರಲ್ಲಿ ಮುಳುಗಿ ಕಂಬ ಗಾರೆಯದೋ ಕಲ್ಲಿನದೋ ತಿಳಿಯದಂತಾಗಿತ್ತು. ಊರಿನ ಒಗೆಯುವ ಕಲ್ಲುಗಳನ್ನೆಲ್ಲ ಮಗುಚಿ ಹಾಕಿಸಿದವರು ತಾವು ಒರಗಿ ನಿಂತು ಬೆಳೆದ ಕಂಬವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ತಮ್ಮನಿಗೆ ಫೋನ್ ಮಾಡಿ ಅಂಗೈ ಅಗಲ ಬಣ್ಣ ಕೆರೆದು ನೋಡು ಎಂದರು. ಅವನು ಮೊದಲು ನಕ್ಕ. ಇವರು ನಗದಿದ್ದಾಗ ರೇಗಿದ. "ತವರಮನಿ ಕಂಬ ಕೆರೀರಿ ಅನ್ನೂ ಹೆಣಮಗಳನ್ನ ನಾ ಎಲ್ಲೂ ಕಂಡಿಲ್ಲ ಅಕ್ಕಾ" ಎಂದು ಫೋನ್ ಇಟ್ಟ.

ಆ ವರ್ಷ ಇಲ್ಲಿನ ಜುಲೈ ಆಗಸ್ಟಿನ ಬೇಸಿಗೆ ರಜೆಗೆ ಅಕ್ಕೋರು ಊರಿಗೆ ಹೋದರು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಅವರಲ್ಲಿ ದೊಡ್ಡ ಸಂಗತಿ, ತಮ್ಮ ಪ್ರತಿ ವರ್ಷ ಕಾರು ತಂದು ಕರೆದೊಯ್ಯುತ್ತಿದ್ದ. ಸೂಟ್‌ಕೇಸಿನಲ್ಲಿ ಅವನ ಮನೆಯವರಿಗೆ ಬಾದಾಮಿ, ಅತ್ತರು, ಜೊತೆಗೆ ಫಹಾಹೀಲ್‌ನ ಹಾರ್ಡ್‌ವೇರ್ ಅಂಗಡಿಯಿಂದ ಮಾಬೂಸಾಬ ತಂದುಕೊಟ್ಟ ಬಣ್ಣ ಕೆರೆಯುವ ತಗಡು. ಹಬ್ಬದ ಊಟ ಮುಗಿದು ಎಲ್ಲರೂ ಪಡಸಾಲೆಯಲ್ಲಿರುವಾಗಲೇ ಕೂತು ಕೆರೆದರಂತೆ. ಕದ್ದು ಮಾಡುವ ಜಾತಿಯಲ್ಲ ಅವರದು. ಹಸಿರು ಹೋಯಿತು, ನೀಲಿ ಹೋಯಿತು, ಕಾವಿ ಹೋಯಿತು, ಸುಣ್ಣ ಹಪ್ಪಳದ ಹಾಗೆ ಎದ್ದು ಬಂತು. ಅಡಿಯಲ್ಲಿ ಕಪ್ಪು ಕಲ್ಲು, ಅದರಲ್ಲಿ ಮುತ್ತಿನ ಸಾಲಿನ ಕೆತ್ತನೆ. ಬೇವಿನ ಮರದ ಕೆಳಗಿನ ಕಲ್ಲಿನಲ್ಲಿದ್ದದ್ದೂ ಅದೇ ಸಾಲು. ತಮ್ಮ ಎದ್ದು ಹೊಲಕ್ಕೆ ಹೋದವನು ಅಕ್ಕ ಬಸ್ಸು ಹತ್ತುವ ತನಕ ಬರಲಿಲ್ಲ. ತವರಿನ ಸೀರೆ ಇಲ್ಲದೆ ಅವರು ಹಿಂದಿರುಗಿದ್ದು ಅದೇ ಮೊದಲು.

ನವೆಂಬರಿನಲ್ಲಿ ನಮ್ಮ ಕನ್ನಡಿಗರ ಸಮಾರಂಭ. ಅಕ್ಕೋರ ಗುಡಿಯ ಸುದ್ದಿ ಎಲ್ಲರಿಗೂ ಗೊತ್ತಿದ್ದರಿಂದ ಅದರ ಬಗ್ಗೆಯೇ ಮಾತಾಡಿ ಎಂದಿದ್ದರು. ಹೊರಡುವ ಮುಂಚೆ ಅವರ ಗಂಡ ನನ್ನೆದುರಿಗೇ ಬೇಡಿಕೊಂಡರು. "ಕಲ್ಲಿನ ಕಥಿ ಹೇಳು, ಕಂಬದ್ದು ಬಿಡು. ನಿನಗ ತವರಮನಿ ಅಂತ ಇರೂದು ಒಂದ."

ಅಕ್ಕೋರು ಸೀರೆಗೆ ಪಿನ್ ಚುಚ್ಚುತ್ತ ಹೇಳಿದರು. "ಮಾಬೂಸಾಬಗ ಊರು ಅಂತ ಇರೂದೂ ಒಂದ."

ಸಭೆಯಲ್ಲಿ ಎಲ್ಲ ಹೇಳಿದರು. ತಾವರೆಗೆ, ಎಮ್ಮೆ ಬಾನಿಗೆ ಜನ ನಕ್ಕು ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಕಂಬದ ಫೋಟೋ ಬಂದಾಗ "ಇದು ನಮ್ಮ ಮನಿ" ಎಂದರು. ಗುಡಿ ಬಿಚ್ಚಿಸಿದ್ದು ನಮ್ಮ ಮುತ್ತಜ್ಜನೇ, ಒಳ್ಳೆಯ ಕಲ್ಲು ತಾನು ಇಟ್ಟುಕೊಂಡು ಉಳಿದದ್ದನ್ನು ಊರಿಗೆ ಹಂಚಿದ್ದಾನೆ ಎಂಬುದು ಕಾಣುತ್ತದೆ, ಯಾಕೆ ಬಿಚ್ಚಿಸಿದ ಎಂಬುದು ನನಗೆ ಗೊತ್ತಿಲ್ಲ ಎಂದರು. ಸಭೆ ತಣ್ಣಗಾಯಿತು. ಒಬ್ಬರು ಎದ್ದು, ಮನೆ ಮಾತು ಇಲ್ಲಿ ಯಾಕೆ ಮೇಡಂ ಎಂದರು. ಇನ್ನೊಬ್ಬರು, ಹಾಗಾದರೆ ದಂಡು ಎಲ್ಲೂ ಏನೂ ಒಡೆಯಲೇ ಇಲ್ಲ ಎನ್ನುತ್ತೀರಾ ಎಂದು ಏರಿದ ದನಿಯಲ್ಲಿ ಕೇಳಿದರು.

"ಬ್ಯಾರೆ ಊರಾಗ ಒಡದಿರಬಹುದು. ಅದನ್ನ ಆ ಊರವರು ನೋಡಲಿ" ಎಂದರು ಅಕ್ಕೋರು. "ನಮ್ಮೂರ ಗುಡಿ ಯಾರೂ ಒಡದಿಲ್ಲ. ನಮ್ಮ ಮನ್ಯಾಗ ಐತಿ. ನಾ ಅದಕ್ಕ ಆತು ನಿಂತು ದೊಡ್ಡಾಕಿ ಆಗೀನಿ."

ಫಹಾಹೀಲ್‌ನಿಂದ ಡ್ಯೂಟಿ ಬಟ್ಟೆಯಲ್ಲೇ ಬಂದಿದ್ದ ಮಾಬೂಸಾಬ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಚಪ್ಪಾಳೆ ತಟ್ಟಲಿಲ್ಲ. ತಲೆ ತಗ್ಗಿಸಿ ನಿಂತೇ ಇದ್ದ.

ಆ ಮಾತಿನ ವಿಡಿಯೊ ಊರಿಗೆ ಹೋಗಲು ಎಷ್ಟು ಹೊತ್ತು ಬೇಕು? ನಾವು ಊಟದ ಸಾಲಿನಲ್ಲಿರುವಾಗಲೇ ಅಕ್ಕೋರ ಫೋನಿಗೆ ತಮ್ಮನ ದನಿಯ ಮೆಸೇಜು ಬಂತು. "ಇನ್ನ ನಿನಗ ತವರಮನಿ ಇಲ್ಲ." ಅಷ್ಟೇ. ಅಕ್ಕೋರು ಅದನ್ನು ಎರಡು ಸಲ ಕೇಳಿ ಫೋನನ್ನು ಪರ್ಸಿಗೆ ಹಾಕಿದರು. ಮರುದಿನ ಬೆಳಿಗ್ಗೆ ಊದಿದ ಕಣ್ಣಿನಲ್ಲಿ ಬಂದಾಗ ನಾನು ಅವರ ತಮ್ಮನಿಗೆ ತುಳುವಿನಲ್ಲಿ ಇದ್ದಬದ್ದ ಬೈಗಳೆಲ್ಲ ಸುರಿದೆ. ಅವರಿಗೆ ಅರ್ಥವಾಗಲಿಲ್ಲ, ದನಿ ಅರ್ಥವಾಯಿತು. "ಅವಗ ಬೈಬ್ಯಾಡ. ಮುತ್ತಜ್ಜ ಕಂಬ ಮಾಡಸ್ಯಾನ ಅಂತ ಅವನ್ನ ಕಾಲ ಮ್ಯಾಲ ಕುಂದರಿಸಿಕೊಂಡು ಹೇಳಿದಾಕಿನೂ ನಾನ" ಎಂದರು.

ಮುಂದಿನ ಜೂನಿಗೆ ಅವರ ಗಂಡನ ಕೆಲಸ ಮುಗಿಯಿತು, ಇಲ್ಲಿ ವಾಸಿಸುವ ಪರವಾನಗಿ ಇಕಾಮಾ ಮುಗಿಯಿತು, ಇಬ್ಬರೂ ಧಾರವಾಡಕ್ಕೆ ಹೋದರು. ಖಾಲಿ ಮನೆಯ ನೆಲ ಒರೆಸಲು ನಾನೂ ಕೈಗೂಡಿಸಿದೆ. ನಕ್ಷೆಯನ್ನು ಅಳಿಸುವ ಬಟ್ಟೆ ಮಾತ್ರ ನನ್ನ ಕೈಗೆ ಕೊಡಲಿಲ್ಲ, ತಾವೇ ಅಳಿಸಿದರು.

ಪಂಚಮಿ ಮುಗಿದ ಶುಕ್ರವಾರ ನನ್ನ ಫೋನ್ ಹೊಡೆದುಕೊಂಡಿತು. ತೆರೆಯಲ್ಲಿ ಅಕ್ಕೋರು, ಹಿಂದೆ ನಾನು ಕಂಡಿರದ ಒಂದು ತಗಡಿನ ಮಾಡು. "ಎಲ್ಲಿದ್ದೀರಿ ಅಕ್ಕೋರೇ?" ಎಂದೆ.

"ನಮ್ಮೂರಾಗ. ಮಾಬೂಸಾಬನ ಅವ್ವನ ಮನ್ಯಾಗ ಇಳದೀನಿ. ತವರಮನಿಗೆ ಕರೀಲಿಲ್ಲ ಅಂದ್ರ ಊರಿಗೂ ಬರಬಾರ್ದೇನು?" ಎಂದು ನಕ್ಕು, ಶೇಂಗಾ ಸುಲಿಯುತ್ತ ಕೂತಿದ್ದ ಮುದುಕಿಯನ್ನು ತೋರಿಸಿದರು. ನಾನು ನಮಸ್ಕಾರ ಎಂದೆ. ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಕೆಮ್ಮಿದರು. ಅಕ್ಕೋರ ಮುಖದ ನಗು ಇಳಿಯಿತು. "ತಮ್ಮ ಬಂದ" ಎಂದು ಪಿಸುಗುಟ್ಟಿ ಫೋನನ್ನು ಎಲ್ಲೋ ಇಟ್ಟರು. ಕಟ್ ಮಾಡುವುದನ್ನು ಮರೆತರು. ನನಗೆ ಮಾಡು ಮಾತ್ರ ಕಾಣುತ್ತಿತ್ತು, ಮಾತು ಕೇಳುತ್ತಿತ್ತು.

"ಬರ್ರಿ ಗೌಡ್ರ" ಎಂದಳು ಮುದುಕಿ.

"ನಾ ಅಕ್ಕನ ಕಡೆ ಬಂದಿಲ್ಲ ಯವ್ವಾ. ನಿನ್ನ ಕಡೆ ಬಂದೀನಿ." ಚಪ್ಪಲಿ ಕಳಚುವ ಸದ್ದಾಯಿತು. "ನಾಲ್ಕೂ ಕಂಬ ಕೆರಸಿ ನೋಡಿದೆ. ಗುಡೀವ ಅದಾವು. ನಿಮ್ಮವರು ಯಾರೂ ಒಡದಿಲ್ಲ. ಇಷ್ಟು ವರ್ಷ ನಾನೂ ಮಂದಿ ಮುಂದ ಆ ಮಾತು ಆಡೀನಿ. ತಪ್ಪಾತು."

"ನಮಗ ಗೊತ್ತಿತ್ತರೀ" ಎಂದಳು ಮುದುಕಿ.

"ಏನಂದಿ?"

"ಎಣ್ಣಿ ಬಣ್ಣ ಬರೂಕಿಂತ ಮೊದಲ ಆ ಕಂಬಕ್ಕ ವರ್ಷಾ ಸುಣ್ಣ ಹೊಡೀತಿದ್ದಾಂವ ನಮ್ಮ ಮಾವ. ಕೈಗೆ ಹತ್ತತಿತ್ತಲ್ರೀ, ಒಳಗ ಏನೈತಿ ಅಂತ. ಮನ್ಯಾಗ ಹೇಳಿದ್ದ."

ಆಗ ಅಕ್ಕೋರ ದನಿ ಕೇಳಿಸಿತು. ಹದಿನಾರು ವರ್ಷದಲ್ಲಿ ಆ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. "ಮತ್ತ ಯಾಕ ಸುಮ್ಮನಿದ್ರಿ ಯವ್ವಾ? ಮಾಬೂಸಾಬಗೂ ಹೇಳಲಿಲ್ಲಲ್ಲ?"

"ಹುಡುಗಗ ಹೇಳಿದ್ರ ಜಗಳಕ್ಕ ಹೊಂಡತಿದ್ದ. ನಿಮ್ಮ ಮನಿ ಕೂಲಿ ಉಂಡವರು ನಿಮ್ಮ ಮನಿ ಕಂಬದ ಮಾತು ಹೆಂಗ ಎತ್ತೂದು? ಎತ್ತಿದ್ರ ನೀವು ಕೇಳತಿದ್ರೇನು?"

ಶೇಂಗಾ ಸುಲಿಯುವ ಸದ್ದು ನಿಂತಿತು. "ಕುಂದರ್ರಿ ಗೌಡ್ರ, ಚಾ ಇಡ್ತೀನಿ" ಎಂದು ಮುದುಕಿ ಎದ್ದಳು. ಅವನು ಅಲ್ಲಿಯೇ, ಅವಳ ಚಾಪೆಯ ಮೇಲೆ, ಅಕ್ಕನ ಪಕ್ಕದಲ್ಲಿ ಕೂತನಂತೆ.